ನೆರಳಿನ ನೆರಳು

ಓಲ್ಶೆವೆ
ಖೆಶ್ವಾನ್ ಮಾಸದ ಹದಿನಾಲ್ಕು, ೫೬೪೦

ಗಿರಣಿಮನೆಯ ಕ್ರೈನಾ ಅಕ್ಕನಿಗೆ, ನೀವು ನೂರಿಪ್ಪತ್ತು ವರ್ಷ ಬಾಳಬೇಕೆಂದು ಹಾರೈಸುವ ನಿಮ್ಮ ತಮ್ಮನ ಹೆಂಡತಿ ಫ್ರಾದೆಲ್ ಬರೆಯುವುದು.

ಹಬ್ಬಗಳ ಗಲಾಟೆ ಮುಗಿದು ಇಲ್ಲಿ ಮೊದಲ ಮಂಜು ಬಿದ್ದಿದೆ. ಹೆಬ್ಬಾತುಗಳನ್ನು ಕೊಯ್ಯುವ ಕಾಲ. ಬೆಳಗಿನಿಂದ ಗರಿ ಬಿಡಿಸುತ್ತೇನೆ, ದಿಂಬು ತುಂಬುತ್ತೇನೆ. ಒಂದು ಸಲ ಸೀನಿದರೆ ಮನೆಯೊಳಗೆ ಹಿಮ ಬಿದ್ದ ಹಾಗಾಗುತ್ತದೆ.

ನಿಮ್ಮ ತಮ್ಮ ಆನ್ಶೆಲ್ ಮರದ ದಿಮ್ಮಿಗಳ ತೆಪ್ಪ ಕಟ್ಟಿಕೊಂಡು ಸ್ಟೀರ್ ನದಿಗೆ ಇಳಿದು ಈ ವಸಂತಕ್ಕೆ ಏಳು ವರ್ಷ ತುಂಬಿತು. ನಿಮ್ಮ ಗಿರಣಿಯ ಹತ್ತಿರ ದಾಟಿದ್ದನ್ನು ನೀವೇ ನೋಡಿದಿರಿ. ಎರಡು ದಿನದ ಮೇಲೆ ನಮ್ಮೂರ ದಂಡೆಗೆ ದಿಮ್ಮಿಗಳು ಚೆದುರಿಕೊಂಡು ಬಂದವು. ಅವರು ಬರಲಿಲ್ಲ. ಮುಳುಗಿದ್ದನ್ನು ಯಾರೂ ನೋಡಿಲ್ಲ, ಆದ್ದರಿಂದ ನಮ್ಮ ಯೆಹೂದಿ ಶಾಸ್ತ್ರದ ಪ್ರಕಾರ ನಾನು ಈಗಲೂ ಗಂಡನಿರುವವಳು.

ಮೊನ್ನೆ ಊರ ಹೆಂಗಸರ ಸ್ನಾನದ ಮನೆಯಲ್ಲಿ ಮೀನಿನವಳು ಎಲ್ಲರ ಮುಂದೆ ಅಂದಳು: ‘ಫ್ರಾದೆಲ್, ಮುತ್ತೈದೇರ ಬೆಂಚಲ್ಲಿ ಕೂತ್ಕೋತೀಯೋ, ವಿಧವೆಯರ ಬೆಂಚಲ್ಲೋ, ಒಂದು ತೀರ್ಮಾನ ಮಾಡ್ಕೊಳ್ಳೇ. ನಡುವೆ ನಿಂತ್ಕೊಂಡು ದಾರಿಗೆ ಅಡ್ಡ ಆಗ್ತೀಯ.’ ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಕ್ಕ, ನಿಮ್ಮ ಗಿರಣಿಗೆ ನಾಲ್ಕು ಊರಿನ ಜನ ಬರುತ್ತಾರೆ. ಯಾರಾದರೂ ಏನಾದರೂ ಕಂಡದ್ದು, ಕೇಳಿದ್ದು ಹೇಳಿದ್ದಾರೆಯೇ? ಸಣ್ಣ ಸಂಗತಿಯಾದರೂ ಬರೆಯಿರಿ.

ಫ್ರಾದೆಲ್


ಗಿರಣಿಮನೆ
ಕಿಸ್ಲೇವ್ ಮಾಸದ ಒಂಬತ್ತು, ೫೬೪೦

ಫ್ರಾದೆಲ್‌ಗೆ,

ಬಂಡಿಯವನು ನಿನ್ನ ಕಾಗದ ಕೊಟ್ಟ. ಯಾರೂ ಏನೂ ನೋಡಿಲ್ಲ, ಕೇಳಿಲ್ಲ.

ಏಳು ವರ್ಷ ಕೇಳದವಳು ಈಗೇಕೆ ಕೇಳುತ್ತಿದ್ದೀಯ? ನಮ್ಮ ತಾಯಿ ಸತ್ತಾಗ ಆನ್ಶೆಲ್‌ಗೆ ಮೂರು ವರ್ಷ, ನನಗೆ ಹನ್ನೆರಡು. ಅವನಿಗೆ ಊಟ ಮಾಡಿಸಿ, ತಲೆ ಬಾಚಿ ಬೆಳೆಸಿದವಳು ನಾನು. ನಾನು ಕಾಯುತ್ತಿದ್ದೇನೆ. ನಿನಗೂ ಕಾಯಲು ಬರಬೇಕು.

ಬದುಕಿರುವವರ ಹೆಸರು ಬರೆದಾಗ ಪಕ್ಕದಲ್ಲಿ ‘ಬಾಳಲಿ’ ಎಂದು ಬರೆಯುವುದು ಪದ್ಧತಿ. ಆನ್ಶೆಲ್‌ನ ಹೆಸರಿನ ಪಕ್ಕದಲ್ಲಿ ನೀನು ಬರೆದಿಲ್ಲ. ನಾನು ಗಮನಿಸಿದೆ.

ಒಂದು ಚೀಲ ರೈ ಹಿಟ್ಟು ಕಳಿಸಿದ್ದೇನೆ. ಜರಡಿ ಹಿಡಿದೇ ಬಳಸು.

ಕ್ರೈನಾ


ಓಲ್ಶೆವೆ
ತೇವೇತ್ ಮಾಸದ ಆರು, ೫೬೪೦

ಕ್ರೈನಾ ಅಕ್ಕನಿಗೆ,

ಹಿಟ್ಟು ತಲುಪಿತು. ನಿಮ್ಮ ಹಿಟ್ಟಿನ ರೊಟ್ಟಿಗೆ ಬೇರೆಯೇ ಹದ.

‘ಬಾಳಲಿ’ ಎಂದು ಬರೆಯಲಿಲ್ಲ, ನಿಜ. ಸತ್ತವರಿಗೆ ಬರೆಯುವಂತೆ ‘ಶಾಂತಿ ಸಿಗಲಿ’ ಎಂದೂ ಬರೆಯಲಿಲ್ಲ. ಎರಡನ್ನೂ ಬರೆಯುವ ಹಕ್ಕು ನನಗಿಲ್ಲ. ಅದನ್ನೇ ಹೇಳಲು ಹೊರಟಿದ್ದೆ, ಹೇಳಲು ಬರಲಿಲ್ಲ.

ನಿಮಗೆ ಬರೆಯುವ ಮೊದಲು ನಮ್ಮ ರಬ್ಬಿ ಎಲ್ಯಾಕಿಮ್ ಅವರನ್ನು ಕೇಳಿದ್ದೆ. ‘ನಾದಿನಿ ಬಂದು ಸತ್ತ ಅಂದ್ರೂ ನಾನು ಒಪ್ಪೋ ಹಾಗಿಲ್ಲಮ್ಮ’ ಅಂದರು. ‘ಐದು ಜನ ಹೆಂಗಸರ ಸಾಕ್ಷಿ ಬೇಡ ಅನ್ನುತ್ತೆ ಶಾಸ್ತ್ರ. ಅತ್ತೆ, ನಾದಿನಿ, ಸವತಿ, ಓರಗಿತ್ತಿ, ಸವತಿ ಮಗಳು.’

‘ಯಾಕೆ?’

‘ಅವರಿಗೆ ನಿನ್ನ ಕಂಡ್ರೆ ಆಗಲ್ಲ ಅಂತ. ನಿನ್ನ ಬಾಳು ಕೆಡಿಸೋಕೆ ಸುಳ್ಳು ಹೇಳಬಹುದು ಅಂತ.’

ನನಗೆ ಸಿಟ್ಟು ಬಂತು. ‘ನಮ್ಮ ಕ್ರೈನಾ ಅಕ್ಕ ಅಂಥವರಲ್ಲ’ ಅಂದೆ. ಆಮೇಲೆ ನಿಮ್ಮ ಕಾಗದ ಬಂತು. ಅದನ್ನು ರಬ್ಬಿಯವರಿಗೆ ತೋರಿಸಲಿಲ್ಲ.

ಈಗೇಕೆ ಕೇಳುತ್ತಿದ್ದೀಯ ಎಂದಿರಿ. ಒಬ್ಬರು ನನ್ನನ್ನು ಮದುವೆಗೆ ಕೇಳಿದ್ದಾರೆ. ಒಳ್ಳೆಯವರು, ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಯಿತು. ನಾನು ಹೂಂ ಎಂದಿಲ್ಲ. ಹೂಂ ಅನ್ನುವ ಬಾಯಿಯೂ ನನ್ನದಲ್ಲವಲ್ಲ. ನನಗೆ ಮೂವತ್ತೊಂದು ವರ್ಷ, ಅಕ್ಕ. ಇಷ್ಟನ್ನು ನಿಮ್ಮಿಂದ ಮುಚ್ಚಿಟ್ಟಿದ್ದೆ. ಇನ್ನು ನೀವು ಬೈಯಬಹುದು.

ಫ್ರಾದೆಲ್


ಗಿರಣಿಮನೆ
ಶೆವಾತ್ ಮಾಸದ ಇಪ್ಪತ್ತು, ೫೬೪೦

ಫ್ರಾದೆಲ್, ಕೂತುಕೊಂಡು ಓದು.

ಆನ್ಶೆಲ್, ಬಾಳಲಿ, ಬದುಕಿದ್ದಾನೆ. ಬೇಸಿಗೆಯ ಕೊನೆಯಿಂದ ನನ್ನ ಜೊತೆ ಮಾತಾಡುತ್ತಿದ್ದಾನೆ. ನಿನ್ನ ಮೊದಲ ಕಾಗದ ಬಂದಾಗಲೇ ಹೇಳಬಹುದಿತ್ತು. ಹೇಳಬೇಡ ಎಂದು ಅವನೇ ಅಂದಿದ್ದ. ಅಲ್ಲ, ಸುಳ್ಳು. ಅವನು ಹಾಗೆ ಅನ್ನಲಿಲ್ಲ. ನನಗೊಬ್ಬಳಿಗೇ ಇರಲಿ ಅನ್ನಿಸಿತು.

ಮಧ್ಯಾಹ್ನ ಚಕ್ರ ನಿಲ್ಲಿಸಿ ಅಚ್ಚಿಗೆ ಕೊಬ್ಬು ಸವರುತ್ತಿದ್ದೆ. ಕೆಳಗಿನ ಕೋಣೆಯಿಂದ ‘ಕ್ರೈನಾ’ ಎಂದು ಕೂಗಿತು. ಅವನದೇ ದನಿ. ಕೈಯಲ್ಲಿದ್ದ ಡಬ್ಬಿ ಬಿತ್ತು.

‘ಎಲ್ಲಿದ್ದೀಯೋ?’

‘ಇಲ್ಲೇ. ಹಸಿವಾಗಿದೆ.’

‘ಮೇಲೆ ಬಾ, ಬಡಿಸ್ತೀನಿ.’

‘ಈಗ ಬರಕ್ಕಾಗಲ್ಲ. ರೊಟ್ಟಿ ಕೊಡು. ಉಪ್ಪು ಹಾಕ್ಬೇಡ.’

ಅಂದಿನಿಂದ ದಿನಾ ಮಧ್ಯಾಹ್ನ ಮೆಟ್ಟಿಲ ಮೇಲೆ ರೊಟ್ಟಿ ಇಡುತ್ತೇನೆ. ಮರೆತು ಉಪ್ಪು ಬೆರೆತ ದಿನ ಹಾಗೇ ಬಿದ್ದಿರುತ್ತದೆ. ಬಾಯಲ್ಲಿ ಹುಣ್ಣಿರಬೇಕು, ಪಾಪ. ನದಿ ಹೆಪ್ಪುಗಟ್ಟಿದ ಮೇಲೆ ಆಕಾರವೂ ಕಾಣುತ್ತಿದೆ. ಅದೇ ಎತ್ತರ, ಅದೇ ಬಾಗಿದ ಹೆಗಲು. ಮುಖ ಮಾತ್ರ ಗೋಡೆಯ ಕಡೆ. ಯಾರಿಗೋ ಹೆದರಿ ಅವಿತಿದ್ದಾನೆ. ಸೈನ್ಯಕ್ಕೆ ಹಿಡಿದೊಯ್ದವರಿಂದ ತಪ್ಪಿಸಿಕೊಂಡು ಬಂದಿರಬೇಕು.

ನಿನ್ನ ಕಾಗದ ಬಂದ ಮೇಲೆ ಕೇಳಿದೆ: ‘ಫ್ರಾದೆಲ್‌ಗೆ ಏನು ಹೇಳ್ಲೋ?’

‘ಕಾಯಕ್ಕೆ ಹೇಳು. ಬರ್ತೀನಿ’ ಅಂದ.

ಕೇಳಿದವರು ಯಾರೇ ಇರಲಿ, ಅವರಿಗೆ ಇಲ್ಲ ಅನ್ನು. ನಿನ್ನ ಗಂಡ ಬರುತ್ತಾನೆ.

ಕ್ರೈನಾ


ಓಲ್ಶೆವೆ
ಆದಾರ್ ಮಾಸದ ಎಂಟು, ೫೬೪೦

ಕ್ರೈನಾ ಅಕ್ಕನಿಗೆ,

ನಿಮ್ಮ ಕಾಗದವನ್ನು ನಿಂತೇ ಓದಿದೆ, ಆಮೇಲೆ ಕೂತೆ. ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಎದ್ದು ಬಾಗಿಲಿಗೆ ಅಗುಳಿ ಹಾಕಿಕೊಂಡೆ, ಯಾಕೆಂದು ಬರೆಯಲಾರೆ.

ಅವತ್ತೇ ಹೋಗಿ ಇಲ್ಲ ಎಂದು ಹೇಳಿ ಬಂದೆ. ‘ಅವರು ಬದುಕಿದ್ದಾರಂತೆ’ ಅಂದೆ. ಆತ ‘ಒಳ್ಳೇದಾಯ್ತು, ಫ್ರಾದೆಲ್. ನಿಜವಾಗಿಯೂ ಒಳ್ಳೇದಾಯ್ತು’ ಅಂದರು. ಆಮೇಲೆ ತಿರುಗಿ ತಮ್ಮ ಕೆಲಸ ನೋಡಿಕೊಂಡರು.

ನಿಮ್ಮ ಕಾಗದವನ್ನು ರಬ್ಬಿಯವರಿಗೆ ಓದಿ ಹೇಳಿದೆ. ಕೋಪಿಸಿಕೊಳ್ಳಬೇಡಿ. ಉಪ್ಪಿನ ಮಾತು ಬಂದಾಗ ಕೈ ಎತ್ತಿ ನಿಲ್ಲಿಸಿದರು. ‘ಅದನ್ನ ಇನ್ನೊಂದ್ಸಲ ಓದು’ ಅಂದರು. ಓದಿದೆ. ಅವರು ಬಹಳ ಮೆಲ್ಲಗೆ, ನನಗೆ ನೋವಾಗದ ಹಾಗೆ ಹೇಳಿದ್ದನ್ನು ನಾನೂ ಹಾಗೆಯೇ ಬರೆಯಬೇಕೆಂದಿದ್ದೇನೆ. ಬರೆಯಲು ಬರುತ್ತಿಲ್ಲ.

ಶೇದ್ ಎಂಬ ಜಾತಿಯಿದೆ. ಸತ್ತವರ ದೆವ್ವಗಳಲ್ಲ, ಬೇರೆಯೇ. ನಮ್ಮಂತೆಯೇ ಉಣ್ಣುತ್ತವೆ, ಮಕ್ಕಳನ್ನು ಹೆರುತ್ತವೆ, ಸಾಯುತ್ತವೆ. ಉಪ್ಪನ್ನು ಮಾತ್ರ ಮುಟ್ಟುವುದಿಲ್ಲ. ಮನುಷ್ಯರ ರೂಪ ತಾಳಬಲ್ಲವು. ಅವುಗಳಿಗೂ ನೆರಳು ಬೀಳುತ್ತದಂತೆ. ಆದರೆ ನಮ್ಮ ನೆರಳಿನ ಅಂಚಿನಲ್ಲಿ ಇನ್ನೊಂದು ತೆಳು ನೆರಳಿರುತ್ತದಲ್ಲ, ನೆರಳಿನ ನೆರಳು, ಅದು ಅವುಗಳಿಗಿಲ್ಲ. ಬಿಳಿಯ ನೆಲದ ಮೇಲೆ, ಮಧ್ಯಾಹ್ನದ ಬಿಸಿಲಿನಲ್ಲಿ ನೋಡಬೇಕು.

ನೋಡಿದ ಮೇಲೆ ಅದು ಶೇದ್ ಎಂದು ಖಚಿತವಾದರೆ ಮಾತ್ರ ಜೊತೆಯಲ್ಲಿರುವ ಚೀಟಿಯನ್ನು ಗಟ್ಟಿಯಾಗಿ ಓದಬೇಕಂತೆ. ನ್ಯಾಯಪೀಠದ ಕರೆ. ಅವು ನಮ್ಮ ಶಾಸ್ತ್ರಕ್ಕೆ ಬದ್ಧವಾದವು, ಪೀಠ ಕೇಳಿದರೆ ಸುಳ್ಳು ಹೇಳುವಂತಿಲ್ಲ.

ಇನ್ನೊಂದು. ಮನೆಯಲ್ಲಿ ಅವರು ನನ್ನನ್ನು ಫ್ರಾದೆಲ್ ಎಂದು ಕರೆಯುತ್ತಿರಲಿಲ್ಲ. ಬೇರೊಂದು ಹೆಸರಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಅವರನ್ನೇ ಕೇಳಿ.

ಅಕ್ಕ, ಅವರೇ ಆಗಿದ್ದರೆ ನಾನು ನಡೆದುಕೊಂಡಾದರೂ ಬಂದು ಕರೆದುಕೊಂಡು ಹೋಗುತ್ತೇನೆ. ಅಲ್ಲವಾದರೆ, ಈ ಕಾಗದ ಕಳಿಸಿದ್ದಕ್ಕೆ ನನ್ನನ್ನು ಕ್ಷಮಿಸಿ.

ಫ್ರಾದೆಲ್


ಗಿರಣಿಮನೆ
ಇಯಾರ್ ಮಾಸದ ಮೂರು, ೫೬೪೦

ಫ್ರಾದೆಲ್‌ಗೆ,

ಎರಡು ತಿಂಗಳು ನಾನು ಬರೆಯದೆ ಇದ್ದದ್ದಕ್ಕೆ ನೀನು ಏನೇನು ಅಂದುಕೊಂಡೆಯೋ. ಎಲ್ಲವನ್ನೂ ಹೇಳುತ್ತೇನೆ.

ನಿನ್ನ ಕಾಗದ ಬಂದ ದಿನ ಅದನ್ನು ಒಲೆಗೆ ಹಾಕಬೇಕೆಂದು ಬಾಗಿಲು ತೆರೆದೆ. ಹಾಕಲಿಲ್ಲ. ಮಾರನೆಯ ದಿನ ಕೆಳಗಿನ ಕೋಣೆಯ ನೆಲಕ್ಕೆಲ್ಲ ಜರಡಿ ಹಿಡಿದ ಹಿಟ್ಟು ಚೆಲ್ಲಿ, ದಕ್ಷಿಣದ ಹಲಗೆ ತೆಗೆದೆ. ಬಿಸಿಲು ಒಳಗೆ ಬಂತು. ಮೊದಲು ನನ್ನ ನೆರಳು ನೋಡಿಕೊಂಡೆ. ನಡುವೆ ಕಪ್ಪು, ಸುತ್ತ ಹೊಗೆಯಂಥ ಇನ್ನೊಂದು ಅಂಚು. ಐವತ್ತು ವರ್ಷ ಹತ್ತಿರವಾಗುತ್ತಿದೆ, ನನ್ನ ನೆರಳನ್ನು ಹೀಗೆ ಎಂದೂ ನೋಡಿರಲಿಲ್ಲ.

ಅವನು ಬಂದ. ಅವನ ನೆರಳು ಹಿಟ್ಟಿನ ಮೇಲೆ ಕತ್ತರಿಯಿಂದ ಕತ್ತರಿಸಿದ ಬಟ್ಟೆಯ ಹಾಗೆ ಬಿದ್ದಿತ್ತು. ಸುತ್ತ ಏನೂ ಇರಲಿಲ್ಲ.

ನಾನು ರೊಟ್ಟಿ ಇಟ್ಟು ಮೇಲೆ ಹತ್ತಿ ಬಂದೆ. ಚೀಟಿ ಓದಲಿಲ್ಲ. ಗೊತ್ತಿದ್ದೂ ಗೊತ್ತಿದ್ದೂ ಒಂದು ತಿಂಗಳು ರೊಟ್ಟಿ ಕೊಟ್ಟೆ. ಪಸ್ಕ ಹಬ್ಬದ ಎಂಟು ದಿನ ಹುಳಿಯಿಲ್ಲದ ರೊಟ್ಟಿ ಕೊಟ್ಟೆ. ಅದರಲ್ಲಿ ಹೇಗೂ ಉಪ್ಪಿರುವುದಿಲ್ಲ, ಬಹಳ ಇಷ್ಟಪಟ್ಟು ತಿಂದ. ದನಿ ಅವನದೇ ಅಲ್ಲವೇ, ಫ್ರಾದೆಲ್. ದಿನಕ್ಕೊಮ್ಮೆ ಆ ದನಿ ನನ್ನ ಹೆಸರು ಕರೆಯುತ್ತಿತ್ತು. ಅದನ್ನು ನಾನೇ ನಿಲ್ಲಿಸಬೇಕಿತ್ತು.

ಹಬ್ಬ ಮುಗಿದ ಮೇಲೆ ಒಂದು ದಿನ ಕನ್ನಡಿಯಲ್ಲಿ ಮುಖ ನೋಡಿಕೊಂಡೆ. ನೀನು ಮೂವತ್ತೊಂದು ಎಂದು ಬರೆದದ್ದು ನೆನಪಾಯಿತು. ಕೆಳಗಿಳಿದು ಚೀಟಿ ಓದಿದೆ.

‘ನಿಂಗೆ ಮೊದ್ಲೇ ಗೊತ್ತಿತ್ತಲ್ಲ’ ಅಂತು ಅದು.

‘ಗೊತ್ತಿತ್ತು. ಈ ದನಿ ನಿಂಗೆಲ್ಲಿ ಸಿಕ್ತು?’

‘ಗಿರಣಿ ಕೆಳಗಿನ ಹಳೇ ಕಟ್ಟೆ ಕಂಬಗಳ ಹತ್ರ ನಮ್ಮನೆ. ನಮ್ಮೋರೆಲ್ಲ ಸತ್ತೋದ್ರು, ನಾನೊಬ್ನೇ. ಅವನು ಮೇಲಿಂದ ಬಂದ. ಕೂಗ್ತಾ ಬಂದ. ಅವನು ಸುಮ್ನಾದ್ಮೇಲೂ ದನಿ ನೀರಲ್ಲೇ ಇತ್ತು. ಯಾರೂ ತಗೊಳ್ಳಲಿಲ್ಲ. ನಾನು ತಗೊಂಡೆ.’

‘ನೀನೇ ಎಳ್ದುಕೊಂಡ್ಯಾ ಅವನನ್ನ?’

‘ಇಲ್ಲ. ದಿಮ್ಮಿ ತಲೆಗೆ ಬಡೀತು. ಪೀಠದ ಮುಂದೆ ಸುಳ್ಳು ಹೇಳಕ್ಕಾಗಲ್ಲ ನಂಗೆ.’

‘ಮತ್ತೆ, ಬರ್ತೀನಿ, ಕಾಯಕ್ಕೆ ಹೇಳು ಅಂತ ಯಾಕಂದೆ?’

‘ಅವಳು ಕಾಯೋದು ನಿಲ್ಸಿದ್ರೆ ನೀನೂ ನಿಲ್ಸ್ತೀಯ ಅಂತ. ಆಮೇಲೆ ರೊಟ್ಟಿ ಯಾರು ಕೊಡ್ತಾರೆ? ಅದಕ್ಕೂ ಮುಂಚೆ ಯಾರೂ ಕೊಟ್ಟಿರಲಿಲ್ಲ.’

ಆನ್ಶೆಲ್ ಮನೆಯಲ್ಲಿ ನಿನ್ನನ್ನು ಏನೆಂದು ಕರೆಯುತ್ತಿದ್ದ ಎಂದು ಕೇಳಿದೆ. ಹೆಂಡತಿಯ ಹೆಸರು ಗೊತ್ತಿಲ್ಲ, ಕೇಳಿದ್ದು ಎರಡೇ ಮಾತು ಅಂತು: ‘ಮೊದ್ಲು ಕ್ರೈನಾ ಅಂದ. ಆಮೇಲೆ, ಕೊನೇಲಿ, ಗುಬ್ಬಿ ಅಂದ. ನೀರಲ್ಲಿ ಗುಬ್ಬಿ ಎಲ್ಲಿರುತ್ತೆ ಅಂತ ನಾನು ಆಮೇಲೂ ಹುಡುಕ್ದೆ.’

ನನಗೂ ಅರ್ಥವಾಗಲಿಲ್ಲ. ಕೇಳಿದ್ದನ್ನು ಕೇಳಿದ ಹಾಗೆ ಬರೆದಿದ್ದೇನೆ.

ಜಾಗ ತೋರಿಸು ಎಂದೆ. ತೋರಿಸಿತು, ಮೂರನೆಯ ಕಂಬದ ಬುಡ. ನಾನು ಅಲ್ಲಿಗೆ ಹೋಗಲಿಲ್ಲ. ನನ್ನ ಸಾಕ್ಷಿ ನಡೆಯುವುದಿಲ್ಲ ಎಂದು ನೀನು ಬರೆದಿದ್ದೆ. ದೋಣಿ ದಾಟಿಸುವ ಇಟ್ಸೆಯನ್ನೂ ಡಾಂಬರು ಕಾಯಿಸುವ ಲೈಬನನ್ನೂ ಕರೆಸಿ, ತೂಬು ಇಳಿಸಿ ನೀರು ತಡೆದು, ‘ಹಳೇ ಕಂಬ ಕೀಳಬೇಕು, ಬುಡ ನೋಡಿ’ ಎಂದಷ್ಟೇ ಹೇಳಿದೆ. ಮಣ್ಣು ಬಗೆದಾಗ ಮೂಳೆಗಳು ಸಿಕ್ಕವು. ಇಟ್ಸೆ ಒಂದು ಕಾಲಿನ ಮೂಳೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಆನ್ಶೆಲ್ ಆರು ವರ್ಷದವನಿದ್ದಾಗ ನಮ್ಮ ಅಟ್ಟದಿಂದ ಬಿದ್ದು ಮೊಳಕಾಲಿನ ಕೆಳಗೆ ಎರಡು ಕಡೆ ಮುರಿದುಕೊಂಡಿದ್ದ. ಆಗ ಎಲುಬು ಕೂಡಿಸಿ ಪಟ್ಟಿ ಕಟ್ಟಿದವನು ಇಟ್ಸೆ. ವಾರೆಯಾಗಿ ಕೂಡಿಕೊಂಡಿತ್ತು.

ನಾನು ದಂಡೆಯಲ್ಲಿ ತುಟಿ ಕಚ್ಚಿಕೊಂಡು ನಿಂತಿದ್ದೆ. ಒಂದು ಮಾತು ಆಡಿದರೆ ಅವರ ಸಾಕ್ಷಿಗೆ ನನ್ನ ಮಾತು ಬೆರೆತು ಎಲ್ಲ ಕೆಟ್ಟುಹೋದೀತೆಂದು ಭಯ.

ಇಟ್ಸೆ ಕೊನೆಗೆ ಅಂದ: ‘ಲೈಬ, ಇದು ನಾನು ಕಟ್ಟಿದ ಕಾಲು. ಇದು ನಮ್ಮ ಆನ್ಶೆಲ್.’

ಲೈಬ ಕೆಸರಿನಿಂದ ತೆಪ್ಪದ ಕೊಕ್ಕೆ ಎತ್ತಿದ. ಅದರ ಹಿಡಿಗೆ ಆನ್ಶೆಲ್‌ಗಾಗಿ ಲೈಬನೇ ಕಾಸಿ ಒತ್ತಿಕೊಟ್ಟಿದ್ದ ಗುರುತು ಹಾಗೇ ಇತ್ತು.

ಆಮೇಲೆ ನಾನು ಅತ್ತೆ. ಅಂದೇ ಮಣ್ಣು ಮಾಡಿದೆವು, ಸೂತಕದ ಪದ್ಧತಿಯಂತೆ ಸಂಜೆಯವರೆಗೆ ನೆಲದ ಮೇಲೆ ಕೂತೆ. ಇಬ್ಬರ ಹೇಳಿಕೆಯನ್ನೂ ಇಲ್ಲಿನ ರಬ್ಬಿ ಬರೆದು ಮೊಹರು ಮಾಡಿದ್ದಾರೆ. ಜೊತೆಯಲ್ಲಿಟ್ಟಿದ್ದೇನೆ.

ಆನ್ಶೆಲ್‌ಗೆ ಶಾಂತಿ ಸಿಗಲಿ. ನೋಡು, ಬರೆದೆ.

ಕ್ರೈನಾ


ಓಲ್ಶೆವೆ
ಇಯಾರ್ ಮಾಸದ ಇಪ್ಪತ್ತೈದು, ೫೬೪೦

ಕ್ರೈನಾ ಅಕ್ಕನಿಗೆ,

ಗುಬ್ಬಿ ಯಾರೆಂದು ನಾನು ಹೇಳುವುದಿಲ್ಲ. ಇಷ್ಟು ಹೊತ್ತಿಗೆ ನಿಮಗೇ ತಿಳಿದಿರುತ್ತದೆ. ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ನಾನೂ ಸಂಜೆಯವರೆಗೆ ನೆಲದ ಮೇಲೆ ಕೂತಿದ್ದೆ. ಎಂಟು ವರ್ಷದಲ್ಲಿ ಅಳು ಅರ್ಧಕ್ಕೇ ನಿಲ್ಲುತ್ತಿತ್ತು, ಅಳಬಹುದೋ ಬಾರದೋ ಎಂದು. ಅವತ್ತು ಪೂರ್ತಿ ಅತ್ತೆ. ಎದ್ದಾಗ ಹಸಿವಾಗಿತ್ತು.

ನ್ಯಾಯಪೀಠದಲ್ಲಿ ಮೂವರು ಕೂತಿದ್ದರು. ರಬ್ಬಿ ಎಲ್ಯಾಕಿಮ್ ನಿಮ್ಮ ಕಾಗದವನ್ನು ಪಕ್ಕಕ್ಕಿಟ್ಟರು. ‘ಶೇದ್ ಹೇಳಿದ್ದು ನಮಗೆ ಬೇಡ. ನಾದಿನಿ ಹೇಳಿದ್ದೂ ಬೇಡ. ಇಟ್ಸೆ ಕಣ್ಣಾರೆ ಕಂಡಿದ್ದಾನೆ, ಲೈಬ ಕಣ್ಣಾರೆ ಕಂಡಿದ್ದಾನೆ. ಅಷ್ಟು ಸಾಕು’ ಅಂದರು. ಅರ್ಧ ಗಂಟೆಯಲ್ಲಿ ಮುಗಿಯಿತು. ನಾನು ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ ಕರೆದರು. ‘ನಿನ್ನ ನಾದಿನಿ ತಾನಾಗಿ ತೂಬು ಇಳಿಸಿದಳಲ್ಲ, ಅದು ಯಾವ ಶಾಸ್ತ್ರದಲ್ಲೂ ಇಲ್ಲ. ಅದನ್ನ ಅವಳಿಗೆ ಬರೆದು ತಿಳಿಸು.’ ತಿಳಿಸಿದ್ದೇನೆ.

ನನ್ನನ್ನು ಮದುವೆಗೆ ಕೇಳಿದ್ದವರ ಹೆಸರು ಕೋಪೆಲ್. ಕಿಟಕಿಗೆ ಗಾಜು ಕೂರಿಸುವ ಕೆಲಸ. ಈ ಸಲ ಆತ ಕೇಳಲಿಲ್ಲ, ನಾನೇ ಕೇಳಿದೆ. ಆತನ ಕೈಯಲ್ಲಿದ್ದ ಗಾಜು ಬಿದ್ದು ಒಡೆಯಿತು. ‘ನೀನು ಕೇಳೋದಾದ್ರೆ ಮೊದ್ಲು ಕೈ ಖಾಲಿ ಇದ್ಯಾ ಅಂತ ನೋಡಬಾರ್ದಾ’ ಎಂದು ಬೈದರು. ವಾರಗಳ ಹಬ್ಬ ಕಳೆದ ಮೇಲಿನ ಎರಡನೆಯ ಮಂಗಳವಾರ ಮದುವೆ.

ಬನ್ನಿ ಎಂದು ಕರೆಯಲು ನನಗೆ ಬಾಯಿಲ್ಲ. ನಿಮ್ಮ ತಮ್ಮನ ಹೆಂಡತಿ ಮತ್ತೊಬ್ಬರ ಪಕ್ಕ ನಿಲ್ಲುವುದನ್ನು ನೋಡಲು ಬನ್ನಿ ಎಂದು ಹೇಗೆ ಬರೆಯಲಿ? ಆದರೂ ಬರೆಯುತ್ತಿದ್ದೇನೆ. ನನ್ನ ಕಡೆಯಿಂದ ನಿಲ್ಲಲು ಯಾರೂ ಇಲ್ಲ. ಬನ್ನಿ.

ಫ್ರಾದೆಲ್


ಗಿರಣಿಮನೆ
ಸಿವಾನ್ ಮಾಸದ ಹದಿಮೂರು, ೫೬೪೦

ಫ್ರಾದೆಲ್‌ಗೆ,

ಬಂಡಿ ಬಾಗಿಲಲ್ಲಿ ನಿಂತಿದೆ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಚಕ್ರ ನಿಲ್ಲಿಸಿ ಊರು ಬಿಡುತ್ತಿದ್ದೇನೆ. ಈ ಕಾಗದವನ್ನು ಬೇರೆಯವರ ಕೈಯಲ್ಲಿ ಕಳಿಸುವುದಿಲ್ಲ, ನಾನೇ ತಂದು ಕೊಡುತ್ತೇನೆ. ನಾನು ಕಾಲು ತೊಳೆದುಕೊಳ್ಳುವಷ್ಟರಲ್ಲಿ ಓದಿ ಮುಗಿಸು. ಬಾಯಲ್ಲಿ ಹೇಳುವ ಧೈರ್ಯ ನನಗಿಲ್ಲ.

ಕೆಳಗಿರುವುದಕ್ಕೆ ಹತ್ತು ದಿನದ ರೊಟ್ಟಿ ಇಟ್ಟಿದ್ದೇನೆ. ಓಡಿಸಲು ತಾಯಿತ ಬರೆದುಕೊಡುತ್ತೇನೆ ಎಂದರು ಇಲ್ಲಿನ ರಬ್ಬಿ. ಬೇಡ ಎಂದೆ. ಸಮಾಧಿಯ ಮುಂದೆ ಪ್ರಾರ್ಥನೆ ಮುಗಿದ ಕ್ಷಣದಿಂದ ಅದಕ್ಕೆ ಆನ್ಶೆಲ್‌ನ ದನಿ ಇಲ್ಲ. ಈಗ ಮಾತಾಡಿದರೆ ಒಣಗಿದ ಅಚ್ಚು ತಿರುಗಿದ ಹಾಗೆ ಕೇಳುತ್ತದೆ. ಅದು ಅದರದೇ ದನಿ. ‘ಚೆನ್ನಾಗಿಲ್ಲ ಅಲ್ವಾ’ ಎಂದು ಕೇಳಿತು. ‘ರೂಢಿ ಆಗುತ್ತೆ ಬಿಡು’ ಅಂದೆ.

ಈಗ ನಾನು ಹೇಳಬೇಕಾದದ್ದು. ಆ ದಿನ ತೆಪ್ಪ ನಮ್ಮ ಗಿರಣಿ ದಾಟಿದ್ದನ್ನು ನೋಡಿದೆ ಎಂದು ನಿಮಗೆಲ್ಲ ಹೇಳಿದ್ದೆ. ದಾಟುವ ಮೊದಲು ಅವನು ದಡಕ್ಕೆ ಕಟ್ಟಿ ನಮ್ಮ ಬಾಗಿಲಿಗೆ ಬಂದಿದ್ದ. ನದಿ ಏರಿತ್ತು. ‘ಅಕ್ಕ, ನೀರು ಜೋರಾಗಿದೆ. ಇವತ್ತು ಇಲ್ಲೇ ಇದ್ದುಬಿಡ್ಲಾ?’ ಅಂದ. ಅವನು ನಿನ್ನನ್ನು ಮದುವೆಯಾಗಿ ಐದು ವರ್ಷವಾಗಿತ್ತು. ಆ ಐದು ವರ್ಷದಲ್ಲಿ ನನ್ನ ಮನೆಯಲ್ಲಿ ಒಂದೇ ಒಂದು ಶನಿವಾರದ ಸಬ್ಬತ್ತನ್ನೂ ಕಳೆದಿರಲಿಲ್ಲ. ನನ್ನ ಹೊಟ್ಟೆಯಲ್ಲಿ ಅದು ಉರಿಯುತ್ತಿತ್ತು. ‘ನಿನ್ನ ಹೆಂಡ್ತಿ ಬಾಗಿಲಲ್ಲಿ ನಿಂತಿರ್ತಾಳೆ, ಹೋಗು. ನೀರು ಬಂದಾಗ ಮಾತ್ರ ಅಕ್ಕ ನೆನಪಾಗ್ತಾಳೆ’ ಅಂದೆ. ಅವನು ನಕ್ಕ, ಹೋದ.

ನಾದಿನಿಗೆ ನಿನ್ನ ಕಂಡರೆ ಆಗ ಆಗುತ್ತಿರಲಿಲ್ಲ. ಶಾಸ್ತ್ರ ಬರೆದವರು ಎಲ್ಲಿ ಕೂತು ನನ್ನನ್ನು ನೋಡಿದರೋ.

ಓದಿದ ಮೇಲೆ ನೀನು ಹೋಗು ಎಂದರೆ ಅದೇ ಬಂಡಿಯಲ್ಲಿ ಹಿಂತಿರುಗುತ್ತೇನೆ. ಬಂಡಿಯವನಿಗೆ ಕುದುರೆ ಬಿಚ್ಚಬೇಡ ಎಂದು ಹೇಳಿರುತ್ತೇನೆ.

ಕ್ರೈನಾ


ಓಲ್ಶೆವೆ
ಎಲೂಲ್ ಮಾಸದ ನಾಲ್ಕು, ೫೬೪೦

ಅಕ್ಕ,

ನೀನು ನೀರಿನ ತೊಟ್ಟಿಯ ಹತ್ತಿರ ಕಾಲು ತೊಳೆಯುತ್ತಿದ್ದೆ. ಎಷ್ಟು ಹೊತ್ತು ತೊಳೆದೆ ಎಂದರೆ ಕೋಪೆಲ್ ಬಂದು ನೋಡಿ ಹೋದರು. ನಾನು ಒಲೆಯ ಪಕ್ಕ ನಿಂತು ಓದಿ, ಹೊರಗೆ ಬಂದು ಬಂಡಿಯವನಿಗೆ ‘ಕುದುರೆ ಬಿಚ್ಚಪ್ಪ’ ಎಂದೆ. ನಿನಗೆ ‘ಸಾರು ಆರ್ತಿದೆ, ಬಾ’ ಎಂದೆ. ಅಷ್ಟೇ. ನೀನು ಇಲ್ಲಿದ್ದಷ್ಟು ದಿನವೂ ನಾವಿಬ್ಬರೂ ಆ ಮಾತು ಎತ್ತಲಿಲ್ಲ. ಚಪ್ಪರದ ಕೆಳಗೆ ನೀನು ನನ್ನ ಕೈ ಹಿಡಿದದ್ದು ಎಷ್ಟು ಬಿಗಿಯಾಗಿತ್ತೆಂದರೆ ಬೆರಳು ಸಂಜೆಯವರೆಗೆ ಜೋಮು ಹಿಡಿದಿತ್ತು.

ನನಗೂ ಬಾಯಲ್ಲಿ ಹೇಳುವ ಧೈರ್ಯ ಇರಲಿಲ್ಲ, ಅದಕ್ಕೇ ಈಗ ಬರೆಯುತ್ತಿದ್ದೇನೆ. ಆನ್ಶೆಲ್, ಶಾಂತಿ ಸಿಗಲಿ, ತೆಪ್ಪ ಬಿಡುವ ಎರಡು ದಿನ ಮೊದಲು ಮರದ ವ್ಯಾಪಾರಿಯ ಆಳಿನ ಕೈಯಲ್ಲಿ ಹೇಳಿ ಕಳಿಸಿದ್ದೆ: ‘ಈ ಸಬ್ಬತ್‌ಗೆ ಮನೆ ಸೇರದಿದ್ರೆ ಬಾಗಿಲು ತೆಗೆಯಲ್ಲ ಅನ್ನು.’ ನಗುತ್ತಾ ಹೇಳಿದ್ದೆ. ಆಳು ನಗುತ್ತಾ ಹೇಳಿದನೋ ಇಲ್ಲವೋ. ಅದಕ್ಕೇ ಅವರು ಬೇರೆ ತೆಪ್ಪದವರಿಗೆ ಕಾಯದೆ ಒಬ್ಬರೇ ಹೊರಟರು. ಎಂಟು ವರ್ಷ ಇದನ್ನು ಯಾರಿಗೂ ಹೇಳಿಲ್ಲ.

ನೀನೊಬ್ಬಳೇ ಕಳಿಸಲಿಲ್ಲ, ಅಕ್ಕ. ನೀನು ಆ ಕಡೆಯಿಂದ ಹೋಗು ಅಂದೆ, ನಾನು ಈ ಕಡೆಯಿಂದ ಬಾ ಅಂದೆ. ಇಬ್ಬರೂ ಮನೆಗೆ ಕಳಿಸಿದೆವು, ಸಾವಿಗಲ್ಲ. ಕೊನೆಗೆ ಅವರು ಕರೆದದ್ದು ನಮ್ಮಿಬ್ಬರನ್ನೇ. ಬೈದು ಕರೆಯಲಿಲ್ಲ.

ಪರ್ಣಶಾಲೆಗಳ ಹಬ್ಬಕ್ಕೆ ಬಾ. ಎಂಟೂ ದಿನ ಇರಬೇಕು. ಕೋಪೆಲ್ ನಿನಗೆಂದು ಮಂಚ ಮಾಡುತ್ತಿದ್ದಾರೆ, ನಾನು ಹಾಸಿಗೆ ತುಂಬಿದ್ದೇನೆ. ಬೆಳಗಿನಿಂದ ಒಂದೇ ಪ್ರಶ್ನೆ ಅವರದು: ‘ಅಕ್ಕಂಗೆ ಒಲೆ ಕಡೆ ತಲೆ ಹಾಕಿದ್ರೆ ನಿದ್ದೆ ಬರುತ್ತೋ, ಬಾಗಿಲು ಕಡೆ ಹಾಕಿದ್ರೋ?’

ನನಗೆ ಗೊತ್ತಿಲ್ಲ ಎಂದೆ. ಬೇಗ ಬರೆದು ತಿಳಿಸು, ಮೊಳೆ ಹೊಡೆಯದೆ ಕಾಯುತ್ತಿದ್ದಾರೆ.

ಫ್ರಾದೆಲ್